ಪ್ಯಾನೆಲ್ ಬಾಗಿಲು ತೆರೆಯುವ ಮೊದಲು: ಎನ್‌ಎಫ್‌ಪಿಎ 70ಇ ಕೇಳುವ ದಾಖಲೆಗಳನ್ನು ಸಿದ್ಧಪಡಿಸುವುದು ಹೇಗೆ

ಕೆಲಸದ ಸ್ಥಳದ ವಿದ್ಯುತ್ ಸುರಕ್ಷತೆಗೆ ಅಮೆರಿಕದಲ್ಲಿ ಎರಡು ಆಧಾರಗಳಿವೆ. ಏನು ಮಾಡಲೇಬೇಕು ಎಂದು ಹೇಳುವುದು ಓಶಾ (ಅಲ್ಲಿನ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ) ಕಾನೂನು. ಅದನ್ನು ಹೇಗೆ ಮಾಡಬೇಕು ಎಂದು ವಿವರಿಸುವುದು ಎನ್‌ಎಫ್‌ಪಿಎ (ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ) ಹೊರತರುವ 70ಇ ಮಾನದಂಡ. 70ಇ ತಾನಾಗಿಯೇ ಕಾನೂನಲ್ಲ. ಆದರೂ ಅಪಘಾತವಾದಾಗ ಓಶಾ ತನಿಖಾಧಿಕಾರಿಗಳು ಅಳತೆಗೋಲಾಗಿ ಹಿಡಿಯುವುದು ಅದನ್ನೇ. ಅದರ ಮೊದಲ ಆವೃತ್ತಿ ಬಂದದ್ದು 1979ರಲ್ಲಿ. ಈಗ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತಿದೆ. ವಿಧಿಗಳ ಸಂಖ್ಯೆಗಳು ಆವೃತ್ತಿಯಿಂದ ಆವೃತ್ತಿಗೆ ಜಾಗ ಬದಲಿಸುತ್ತವೆ. ಆದ್ದರಿಂದ ನಿಮ್ಮ ದಾಖಲೆಗಳಲ್ಲಿ ವಿಧಿಯ ಸಂಖ್ಯೆ ಬರೆಯುವುದಾದರೆ ಯಾವ ವರ್ಷದ ಆವೃತ್ತಿ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

70ಇ ಕೇಳುವ ಕಾಗದಗಳು ಮೂರು ಬಗೆಯವು. ಸದಾ ಇರಬೇಕಾದವು: ಸುರಕ್ಷತಾ ಕಾರ್ಯಕ್ರಮದ ದಸ್ತಾವೇಜು, ಸಿಂಗಲ್ ಲೈನ್ ಡಯಾಗ್ರಾಂ (ಸರಬರಾಜು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಂಟಿ ಗೆರೆಯಲ್ಲಿ ತೋರಿಸುವ ನಕ್ಷೆ), ಆರ್ಕ್ ಫ್ಲ್ಯಾಶ್ (ಕರೆಂಟ್ ಗಾಳಿಯಲ್ಲಿ ಹಾರಿದಾಗ ಸಿಡಿಯುವ ಬಿಸಿ ಜ್ವಾಲೆ) ಅಧ್ಯಯನ, ಲಾಕೌಟ್ (ಸರಬರಾಜು ನಿಲ್ಲಿಸಿ ಯಾರೂ ಮತ್ತೆ ಹಾಕದಂತೆ ಬೀಗ ಹಾಕುವ) ವಿಧಾನಗಳು. ಪ್ರತಿ ಕೆಲಸಕ್ಕೂ ಹೊಸದಾಗಿ ಹುಟ್ಟುವವು: ಕೆಲಸದ ಯೋಜನೆ, ಬ್ರೀಫಿಂಗ್, ಲೈವ್ ಕೆಲಸದ (ಸರಬರಾಜು ಇರುವಾಗಲೇ ಮಾಡುವ ಕೆಲಸದ) ಪರ್ಮಿಟ್. ಮೂರನೆಯವು ಪುರಾವೆಗಳು: ತರಬೇತಿ, ಗ್ಲೌಸ್ ಪರೀಕ್ಷೆ, ಬ್ರೇಕರ್ ನಿರ್ವಹಣೆ, ಆಡಿಟ್. ಇವು ಒಂದರ ಮೇಲೊಂದು ನಿಂತಿವೆ. ಡಯಾಗ್ರಾಂ ತಪ್ಪಾದರೆ ಅಧ್ಯಯನ ತಪ್ಪು, ಅಧ್ಯಯನ ತಪ್ಪಾದರೆ ಲೇಬಲ್ ತಪ್ಪು, ಲೇಬಲ್ ತಪ್ಪಾದರೆ ಪರ್ಮಿಟ್‌ನಲ್ಲಿ ಬರೆದ ಉಡುಪು ತಪ್ಪು. ಕಾಗದವೇ ಇಲ್ಲದ ಪ್ಯಾನೆಲ್ ಮುಂದೆ ಕೆಲಸಗಾರ ಅನುಮಾನದಿಂದ ನಿಲ್ಲುತ್ತಾನೆ. ತಪ್ಪು ಲೇಬಲ್ ಇರುವ ಪ್ಯಾನೆಲ್ ಮುಂದೆ ಧೈರ್ಯದಿಂದ ನಿಲ್ಲುತ್ತಾನೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯ. ಹಾಗಾಗಿ ಬುಡದಿಂದಲೇ ಶುರು ಮಾಡಬೇಕು.

ಸಿಂಗಲ್ ಲೈನ್ ಡಯಾಗ್ರಾಂ

ಡಯಾಗ್ರಾಂ ಇದ್ದರೆ ಅದು ಓದಲು ಬರುವಂತಿರಬೇಕು ಮತ್ತು ಇಂದಿನ ಸ್ಥಿತಿಯನ್ನು ತೋರಿಸಬೇಕು ಎನ್ನುತ್ತದೆ ಮಾನದಂಡ. ಕಟ್ಟಡ ಕಟ್ಟಿದಾಗಿನ ನಕ್ಷೆಯನ್ನು ಹೊಸ ಹಾಳೆಗೆ ಇಳಿಸಿದರೆ ಇದು ಆಗುವುದಿಲ್ಲ. ಇಬ್ಬರು ನಡೆದು ನೋಡಬೇಕು: ಒಬ್ಬರು ಓದಲು, ಒಬ್ಬರು ಬರೆಯಲು. ಮುಖ್ಯ ಸರಬರಾಜಿನಿಂದ ಹೊರಟು ಕೊನೆಯ ಪ್ಯಾನೆಲ್‌ವರೆಗೆ ಹೋಗಿ ಇವಿಷ್ಟನ್ನು ದಾಖಲಿಸಿಕೊಳ್ಳಿ:

- ವಿದ್ಯುತ್ ಕಂಪನಿಯಿಂದ ಲಿಖಿತವಾಗಿ ಪಡೆದ ಫಾಲ್ಟ್ ಕರೆಂಟ್ (ಶಾರ್ಟ್ ಸರ್ಕ್ಯೂಟ್ ಆದಾಗ ಹರಿಯುವ ಕರೆಂಟ್), ಅದರ ಗರಿಷ್ಠ ಮತ್ತು ಕನಿಷ್ಠ ಮೌಲ್ಯ ಎರಡೂ
- ಪ್ರತಿ ಟ್ರಾನ್ಸ್‌ಫಾರ್ಮರ್‌ನ ಕೆವಿಎ, ಎರಡೂ ಬದಿಯ ವೋಲ್ಟೇಜ್, ನೇಮ್‌ಪ್ಲೇಟ್ ಮೇಲಿನ ಶೇಕಡಾವಾರು ಇಂಪೀಡೆನ್ಸ್
- ಪ್ರತಿ ಕೇಬಲ್‌ನ ಗಾತ್ರ, ಉದ್ದ, ತಾಮ್ರವೋ ಅಲ್ಯೂಮಿನಿಯಮೋ, ಒಂದು ಫೇಸ್‌ಗೆ ಎಷ್ಟು ಎಳೆ
- ಪ್ರತಿ ಬ್ರೇಕರ್‌ನ ತಯಾರಕರು, ಮಾದರಿ, ಫ್ರೇಮ್, ಟ್ರಿಪ್ ಯೂನಿಟ್‌ನ (ಬ್ರೇಕರ್ ಯಾವಾಗ ಕರೆಂಟ್ ಕಡಿಯಬೇಕೆಂದು ನಿರ್ಧರಿಸುವ ಭಾಗ) ಸೆಟ್ಟಿಂಗ್‌ಗಳು
- ಪ್ರತಿ ಫ್ಯೂಸ್‌ನ ವರ್ಗ ಮತ್ತು ಆಂಪಿಯರ್
- ಜನರೇಟರ್, ಯುಪಿಎಸ್, ಸೋಲಾರ್, ಎರಡು ಬಸ್‌ಗಳನ್ನು (ಕರೆಂಟ್ ಹಂಚುವ ಲೋಹದ ಪಟ್ಟಿಗಳನ್ನು) ಸೇರಿಸುವ ಟೈ ಬ್ರೇಕರ್

ಟ್ರಿಪ್ ಯೂನಿಟ್‌ನ ತಿರುಪುಗಳನ್ನು ಕಣ್ಣಲ್ಲಿ ನೋಡಿ ಬರೆದುಕೊಂಡರೆ ಸಾಲದು, ಫೋಟೋ ತೆಗೆದಿಡಿ. ಸೆಟ್ಟಿಂಗ್ 4 ಇತ್ತೋ 6 ಇತ್ತೋ ಎಂಬ ಪ್ರಶ್ನೆ ಲೆಕ್ಕಕ್ಕೆ ಕೂತಾಗ ಬಂದೇ ಬರುತ್ತದೆ. ಮುಚ್ಚಳ ತೆಗೆಯದೆ ಕಾಣದ ವಿವರವಿದ್ದರೆ ಅದನ್ನು ನೋಡುವುದೇ ಒಂದು ವಿದ್ಯುತ್ ಕೆಲಸ. ಅದಕ್ಕೂ ಯೋಜನೆ, ಪಿಪಿಇ (ಮೈಮೇಲೆ ಹಾಕುವ ರಕ್ಷಣಾ ಉಡುಪು, ಸಾಧನಗಳು) ಬೇಕು.

ಪದೇ ಪದೇ ಕಾಣುವ ದೋಷ ಹೆಸರಿನದು. ಬಾಗಿಲ ಮೇಲೆ ‘ಪಿಪಿ-2’, ನಕ್ಷೆಯಲ್ಲಿ ‘ಪವರ್ ಪ್ಯಾನೆಲ್ ಬಿ’, ಲಾಕೌಟ್ ಹಾಳೆಯಲ್ಲಿ ‘ಕಂಪ್ರೆಸರ್ ಪ್ಯಾನೆಲ್’. ಮೂರೂ ಒಂದೇ ಎಂದು ಹಳಬರಿಗೆ ಗೊತ್ತು, ನಿನ್ನೆ ಸೇರಿದವರಿಗೆ ಗೊತ್ತಿಲ್ಲ. ಒಂದೇ ಹೆಸರು ಆರಿಸಿ ಮೂರೂ ಕಡೆ ಹಾಕಿ. ಹಳೆಯ ಫಲಕವನ್ನು ಕಿತ್ತು ತೆಗೆಯಿರಿ, ಅದರ ಮೇಲೆ ಹೊಸದನ್ನು ಅಂಟಿಸಬೇಡಿ. ಇನ್ನೊಂದು ದೋಷ ಎರಡನೆಯ ಮೂಲವನ್ನು ಬಿಟ್ಟುಬಿಡುವುದು. ಮುಖ್ಯ ಬ್ರೇಕರ್ ಆಫ್ ಮಾಡಿದರೂ ಯುಪಿಎಸ್‌ನಿಂದಲೋ ಟೈ ಬ್ರೇಕರ್‌ನಿಂದಲೋ ಹಿಂದಿನಿಂದ ಸರಬರಾಜು ಬರುವ ಬಸ್‌ಬಾರ್ ನಕ್ಷೆಯಲ್ಲಿ ಸತ್ತಂತೆ ಕಾಣುತ್ತದೆ, ಪ್ಯಾನೆಲ್‌ನಲ್ಲಿ ಬದುಕಿರುತ್ತದೆ.

ಹಾಳೆಯ ಮೂಲೆಯಲ್ಲಿ ಪರಿಷ್ಕರಣೆ ಸಂಖ್ಯೆ, ದಿನಾಂಕ, ಸ್ಥಳದಲ್ಲಿ ಪರಿಶೀಲಿಸಿದವರ ಹೆಸರು ಇರಲಿ. ಹಳೆಯ ಪ್ರತಿಗಳನ್ನು ಎಲೆಕ್ಟ್ರಿಕಲ್ ಕೋಣೆಗಳ ಗೋಡೆಯಿಂದ ವಾಪಸ್ ತರಿಸಿಕೊಳ್ಳಿ.

ಆರ್ಕ್ ಫ್ಲ್ಯಾಶ್ ಅಧ್ಯಯನ ಮತ್ತು ಲೇಬಲ್

ಶಾಕ್ ಅಪಾಯದ ಲೆಕ್ಕ ಸುಲಭ: ವೋಲ್ಟೇಜ್ ಗೊತ್ತಾದರೆ ದೂರಗಳು ಪಟ್ಟಿಯಲ್ಲೇ ಸಿಗುತ್ತವೆ. ಆರ್ಕ್ ಫ್ಲ್ಯಾಶ್ ಹಾಗಲ್ಲ. ಅದರ ಶಾಖ ಎಷ್ಟು ಎಂಬುದು ಫಾಲ್ಟ್ ಕರೆಂಟ್ ಎಷ್ಟು, ಬ್ರೇಕರ್ ಎಷ್ಟು ಬೇಗ ಬಿಡುತ್ತದೆ (ಕರೆಂಟ್ ಕಡಿಯುತ್ತದೆ), ಮನುಷ್ಯ ಎಷ್ಟು ದೂರದಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ನಿಂತಿದೆ. ಈ ಶಾಖವನ್ನು ಚದರ ಸೆಂಟಿಮೀಟರ್‌ಗೆ ಇಷ್ಟು ಕ್ಯಾಲರಿ ಎಂದು ಅಳೆಯುತ್ತಾರೆ. ಬರಿಯ ಚರ್ಮದ ಮೇಲೆ ಎರಡನೆಯ ದರ್ಜೆಯ ಸುಟ್ಟಗಾಯ ಶುರುವಾಗುವ ಮಟ್ಟ 1.2 ಕ್ಯಾಲರಿ. ಆ ಮಟ್ಟ ತಲುಪುವ ದೂರವೇ ಆರ್ಕ್ ಫ್ಲ್ಯಾಶ್ ಗಡಿ.

ದಾಖಲೆ ಮಾಡಲು ಎರಡು ದಾರಿಗಳಿವೆ. ಮೊದಲನೆಯದು ಲೆಕ್ಕ. ಸಾಮಾನ್ಯವಾಗಿ ಬಳಸುವುದು ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯ 2018ರ 1584 ವಿಧಾನ. ಅದು 208 ವೋಲ್ಟ್‌ನಿಂದ 15,000 ವೋಲ್ಟ್‌ವರೆಗಿನ ತ್ರೀ ಫೇಸ್ ವ್ಯವಸ್ಥೆಗೆ ಅನ್ವಯಿಸುತ್ತದೆ. ಎರಡನೆಯದು 70ಇಯಲ್ಲಿರುವ ಪಟ್ಟಿಗಳಿಂದ ಪಿಪಿಇ ವರ್ಗ ಆರಿಸುವುದು. ವರ್ಗ 1ರಿಂದ 4ರವರೆಗಿನ ಉಡುಪು ಕ್ರಮವಾಗಿ ಕನಿಷ್ಠ 4, 8, 25, 40 ಕ್ಯಾಲರಿ ತಡೆಯಬೇಕು.

ಪಟ್ಟಿಯ ದಾರಿ ಹಿಡಿದವರು ಬಿಟ್ಟುಬಿಡುವ ಕಾಗದ ಒಂದಿದೆ. ಪಟ್ಟಿಯ ಪ್ರತಿ ಸಾಲಿಗೂ ಮಿತಿ ಇದೆ. 240 ವೋಲ್ಟ್ ಮೀರಿದ, 600 ವೋಲ್ಟ್‌ವರೆಗಿನ ಪ್ಯಾನೆಲ್‌ಬೋರ್ಡ್‌ಗೆ ವರ್ಗ 2 ಎಂದು ಬರೆಯಬೇಕಾದರೆ ಫಾಲ್ಟ್ ಕರೆಂಟ್ 25 ಕಿಲೋಆಂಪಿಯರ್ ಮೀರಬಾರದು, ಬ್ರೇಕರ್ 0.03 ಸೆಕೆಂಡ್ ಒಳಗೆ ಬಿಡಬೇಕು, ಕೆಲಸದ ದೂರ (ಆರ್ಕ್ ಏಳಬಹುದಾದ ಜಾಗದಿಂದ ಕೆಲಸಗಾರನ ಮುಖ, ಎದೆಗೆ ಇರುವ ದೂರ) ಕನಿಷ್ಠ 455 ಮಿಲಿಮೀಟರ್ ಇರಬೇಕು. ನಿಮ್ಮ ಪ್ಯಾನೆಲ್ ಈ ಮೂರರ ಒಳಗಿದೆ ಎಂದು ತೋರಿಸುವ ಒಂದು ಪುಟದ ಲೆಕ್ಕ ಕಡತದಲ್ಲಿ ಇಲ್ಲದಿದ್ದರೆ ಆ ವರ್ಗಕ್ಕೆ ಆಧಾರವೇ ಇಲ್ಲ. ಮಿತಿ ಮೀರಿದ ಪ್ಯಾನೆಲ್‌ಗೆ ‘ಒಂದು ವರ್ಗ ಮೇಲೆ ಹೋಗೋಣ’ ಎನ್ನುವುದೂ ಸರಿಯಲ್ಲ. ಅಲ್ಲಿ ಲೆಕ್ಕವನ್ನೇ ಮಾಡಬೇಕು.

ಲೆಕ್ಕ ಮಾಡುವವರಿಗೂ ಒಂದು ಎಚ್ಚರಿಕೆ. ‘ಸುರಕ್ಷತೆಗೆ ಇರಲಿ’ ಎಂದು ಫಾಲ್ಟ್ ಕರೆಂಟನ್ನು ಅತಿ ದೊಡ್ಡದಾಗಿ ಊಹಿಸಿದರೆ ಫಲಿತಾಂಶ ಸುರಕ್ಷಿತವಾಗಬೇಕೆಂದೇನಿಲ್ಲ. ಕರೆಂಟ್ ದೊಡ್ಡದಾದರೆ ಬ್ರೇಕರ್ ತಕ್ಷಣ ಬಿಡುತ್ತದೆ. ಕರೆಂಟ್ ಕಡಿಮೆಯಿದ್ದರೆ ಬ್ರೇಕರ್ ನಿಧಾನವಾಗುತ್ತದೆ, ಆರ್ಕ್ ಹೆಚ್ಚು ಹೊತ್ತು ಉರಿಯುತ್ತದೆ, ಒಟ್ಟು ಶಾಖ ಹೆಚ್ಚೂ ಆಗಬಹುದು. ಆದ್ದರಿಂದಲೇ ವಿದ್ಯುತ್ ಕಂಪನಿಯಿಂದ ಕನಿಷ್ಠ ಮೌಲ್ಯವನ್ನೂ ಕೇಳಿ ಪಡೆಯಬೇಕು, ಎರಡೂ ಸ್ಥಿತಿಗೆ ಲೆಕ್ಕ ಹಾಕಿ ಕೆಟ್ಟದ್ದನ್ನು ಲೇಬಲ್‌ಗೆ ತೆಗೆದುಕೊಳ್ಳಬೇಕು. ಜನರೇಟರ್ ಮೇಲೆ ಓಡುವ ಸ್ಥಿತಿಯನ್ನೂ ಬಿಡಬಾರದು.

ಲೇಬಲ್ ಮೇಲೆ ಇರಲೇಬೇಕಾದ್ದು ಮೂರು: ವ್ಯವಸ್ಥೆಯ ವೋಲ್ಟೇಜ್, ಆರ್ಕ್ ಫ್ಲ್ಯಾಶ್ ಗಡಿ, ಮತ್ತು ಉಡುಪು ಆರಿಸಲು ಆಧಾರವಾಗುವ ಕನಿಷ್ಠ ಒಂದು ಮಾಹಿತಿ. ಈ ಕೊನೆಯದು ಕೆಲಸದ ದೂರದ ಸಮೇತ ಕ್ಯಾಲರಿ ಮೌಲ್ಯವಾಗಬಹುದು, ಪಟ್ಟಿಯ ಪಿಪಿಇ ವರ್ಗವಾಗಬಹುದು, ಉಡುಪಿಗೆ ಇರಬೇಕಾದ ಕನಿಷ್ಠ ರೇಟಿಂಗ್ ಆಗಬಹುದು, ಅಥವಾ ನಿಮ್ಮ ಸ್ಥಳಕ್ಕೇ ನಿಗದಿಪಡಿಸಿದ ಪಿಪಿಇ ಮಟ್ಟವಾಗಬಹುದು. ಕ್ಯಾಲರಿ ಮತ್ತು ವರ್ಗ ಎರಡನ್ನೂ ಒಂದೇ ಲೇಬಲ್ ಮೇಲೆ ಹಾಕುವಂತಿಲ್ಲ. ಅವು ಎರಡು ಬೇರೆ ವಿಧಾನಗಳ ಉತ್ತರಗಳು. ‘9 ಕ್ಯಾಲರಿ, ವರ್ಗ 2’ ಎಂಬ ಲೇಬಲ್ ನೋಡಿದ ಕೆಲಸಗಾರ 8 ಕ್ಯಾಲರಿಯ ಉಡುಪು ಹಾಕಿಕೊಂಡು ನಿಲ್ಲುತ್ತಾನೆ.

ಲೇಬಲ್ ಹಿಂದಿನ ವಿಧಾನ ಮತ್ತು ಮೂಲ ಅಂಕಿಅಂಶಗಳನ್ನು ದಾಖಲಿಸಿಡುವುದು ಕಡ್ಡಾಯ. ಸಾಫ್ಟ್‌ವೇರ್ ಕಡತ, ಅದರ ಆವೃತ್ತಿ, ವಿದ್ಯುತ್ ಕಂಪನಿಯ ಪತ್ರ, ಟ್ರಿಪ್ ಸೆಟ್ಟಿಂಗ್ ಫೋಟೋಗಳು ಒಂದೇ ಕಡೆ ಇರಲಿ. ಅಧ್ಯಯನ ಮಾಡಿಸಿದ ಸಂಸ್ಥೆ ಬರಿಯ ಪಿಡಿಎಫ್ ವರದಿ ಕೊಟ್ಟು ಹೋದರೆ ಮುಂದಿನ ಬಾರಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಮೂಲ ಕಡತ ನಿಮ್ಮ ಸ್ವತ್ತು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಮರುಪರಿಶೀಲನೆ ಹೆಚ್ಚೆಂದರೆ 5 ವರ್ಷಕ್ಕೊಮ್ಮೆ. ಟ್ರಾನ್ಸ್‌ಫಾರ್ಮರ್ ಬದಲಾದರೆ, ಸೆಟ್ಟಿಂಗ್ ತಿರುಗಿಸಿದರೆ, ಬ್ರೇಕರ್ ಜಾಗಕ್ಕೆ ಬೇರೆ ಮಾದರಿ ಬಂದರೆ ಆ 5 ವರ್ಷ ಕಾಯುವಂತಿಲ್ಲ.

ಬ್ರೇಕರ್ ನಿರ್ವಹಣೆಯ ಕಾಗದವನ್ನು ಬಹಳ ಜನ ಬೇರೆ ವಿಭಾಗದ್ದೆಂದು ನೋಡುತ್ತಾರೆ. ಅದು ಈ ಕಡತದ್ದೇ. 0.05 ಸೆಕೆಂಡಿಗೆ ಬಿಡಬೇಕಾದ ಬ್ರೇಕರ್ ಗ್ರೀಸ್ ಒಣಗಿ ಸಿಕ್ಕಿಕೊಂಡಿದೆ, ಮೇಲಿನ ಬ್ರೇಕರ್ 0.5 ಸೆಕೆಂಡಿಗೆ ಬಿಟ್ಟಿತು ಎಂದಿಟ್ಟುಕೊಳ್ಳಿ. ಅದೇ ಕರೆಂಟಿಗೆ ಶಾಖ ಸಮಯದಷ್ಟೇ ಬೆಳೆಯುತ್ತದೆ. ಲೇಬಲ್ 3 ಕ್ಯಾಲರಿ ಎಂದಿದ್ದ ಕಡೆ 30 ಬಂತು. ಅದಕ್ಕಾಗಿಯೇ ರಕ್ಷಣಾ ಸಾಧನಗಳ ನಿರ್ವಹಣೆ, ಪರೀಕ್ಷೆ, ತಪಾಸಣೆಗಳನ್ನು ದಾಖಲಿಸಬೇಕು ಎಂದು 70ಇ ಹೇಳುತ್ತದೆ. ಪರೀಕ್ಷೆಗೆ ಬಂದಾಗ ಬ್ರೇಕರ್ ಯಾವ ಸ್ಥಿತಿಯಲ್ಲಿತ್ತು, ಹೋಗುವಾಗ ಯಾವ ಸ್ಥಿತಿಯಲ್ಲಿತ್ತು ಎಂಬ ಎರಡೂ ಅಂಕಿಗಳನ್ನು ವರದಿಯಲ್ಲಿ ಕೇಳಿ. ‘ಪಾಸ್’ ಎಂಬ ಒಂದೇ ಪದದ ವರದಿಯಿಂದ ಮುಂದಿನ ಪರೀಕ್ಷೆ ಯಾವಾಗ ಬೇಕೆಂದು ತಿಳಿಯುವುದಿಲ್ಲ.

ಕಾರ್ಯಕ್ರಮದ ದಸ್ತಾವೇಜು

ಇದು ಲಿಖಿತವಾಗಿರಬೇಕು. ಉಪಕರಣಗಳ ನಿರ್ವಹಣಾ ಸ್ಥಿತಿಯನ್ನು ಹೇಗೆ ನೋಡುತ್ತೀರಿ, ಅಪಾಯ ಅಂದಾಜಿನ ಕ್ರಮ ಯಾವುದು, ಕೆಲಸದ ಯೋಜನೆ ಯಾರು ಮಾಡುತ್ತಾರೆ, ಘಟನೆಯಾದರೆ ತನಿಖೆ ಹೇಗೆ, ಆಡಿಟ್ ಯಾವಾಗ ಎಂಬಿಷ್ಟು ಅದರಲ್ಲಿ ಬೇಕು. ಅಪಾಯ ತಗ್ಗಿಸುವ ಕ್ರಮದಲ್ಲಿ ಸರಬರಾಜು ನಿಲ್ಲಿಸಿ ಅಪಾಯವನ್ನೇ ಇಲ್ಲವಾಗಿಸುವುದು ಮೊದಲು, ಪಿಪಿಇ ಕೊನೆಗೆ. ಎಲ್ಲಿಂದಲೋ ಇಳಿಸಿಕೊಂಡ ನಮೂನೆಗೆ ಹೆಸರು ಬದಲಿಸಿ ಸಹಿ ಹಾಕಿದರೆ ಗುರುತು ಹಿಡಿಯುವುದು ಸುಲಭ: ನಿಮ್ಮಲ್ಲಿ ಇಲ್ಲದ ಹುದ್ದೆಗಳಿಗೆ ಜವಾಬ್ದಾರಿ ಹಂಚಿರುತ್ತದೆ, ನಿಮ್ಮಲ್ಲಿ ಇಲ್ಲದ ವೋಲ್ಟೇಜ್‌ಗಳಿಗೆ ನಿಯಮ ಇರುತ್ತದೆ. ಹದಿನೈದು ಪುಟಗಳ ನಿಮ್ಮದೇ ದಸ್ತಾವೇಜು ನೂರೈವತ್ತು ಪುಟಗಳ ಎರವಲಿಗಿಂತ ಮೇಲು.

ಲಾಕೌಟ್ ವಿಧಾನದ ಹಾಳೆ

ಒಂದು ಯಂತ್ರಕ್ಕೆ ಒಂದು ಹಾಳೆ. ‘ಸರಬರಾಜು ಬಂದ್ ಮಾಡಿ, ಲಾಕ್ ಹಾಕಿ, ಪರೀಕ್ಷಿಸಿ’ ಎಂಬ ಒಂದೇ ಹಾಳೆಯನ್ನು ಎಲ್ಲ ಯಂತ್ರಗಳಿಗೂ ಅಂಟಿಸುವುದು ಓಶಾ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಮೂಲಕ ಓಡುವ 480 ವೋಲ್ಟ್‌ನ ನೀರಿನ ಪಂಪ್ ಒಂದಕ್ಕೆ ಹಾಳೆ ಹೀಗಿರಬಹುದು:

1. ಮೂಲಗಳು: ಎಂಸಿಸಿ-1 (ಮೋಟಾರ್ ನಿಯಂತ್ರಣ ಪ್ಯಾನೆಲ್) ಇದರ 4ಬಿ ಬಕೆಟ್ (ಖಾನೆ), 480 ವೋಲ್ಟ್. ನಿಯಂತ್ರಣ ಸರಬರಾಜು ಎಲ್‌ಪಿ-3 ಪ್ಯಾನೆಲ್‌ನ 14ನೇ ಬ್ರೇಕರ್, 120 ವೋಲ್ಟ್. ಡಿಸ್ಚಾರ್ಜ್ ಪೈಪಿನಲ್ಲಿ ನಿಂತ ನೀರಿನ ಒತ್ತಡ.
2. ಪಂಪನ್ನು ಸ್ಟಾಪ್ ಬಟನ್‌ನಿಂದ ನಿಲ್ಲಿಸಿ. ಮೋಟಾರ್ ನಿಂತಿದೆಯೇ ನೋಡಿ. ಆಮೇಲೆ ಎರಡೂ ಡಿಸ್ಕನೆಕ್ಟ್ (ಸರಬರಾಜು ಕಡಿಯುವ ಸ್ವಿಚ್) ತೆರೆಯಿರಿ.
3. ಸಾಧ್ಯವಿರುವಲ್ಲಿ ಬ್ಲೇಡ್‌ಗಳು ತೆರೆದಿರುವುದನ್ನು ಕಣ್ಣಾರೆ ನೋಡಿ.
4. ಡ್ರೈವ್‌ನ ಕೆಪಾಸಿಟರ್ ಖಾಲಿಯಾಗಲು ಅದರ ಬಾಗಿಲ ಮೇಲೆ ತಯಾರಕರು ಬರೆದಿರುವಷ್ಟು ನಿಮಿಷ ಕಾಯಿರಿ. ನಂತರ ಡಿಸಿ ಬಸ್ ಅಳೆಯಿರಿ.
5. ಡಿಸ್ಚಾರ್ಜ್ ವಾಲ್ವ್ ಮುಚ್ಚಿ, ಡ್ರೈನ್ ತೆರೆದು ಒತ್ತಡ ಸೊನ್ನೆ ಮಾಡಿ.
6. ಎರಡು ಡಿಸ್ಕನೆಕ್ಟ್‌ಗೂ ವಾಲ್ವ್‌ಗೂ ಲಾಕ್, ಟ್ಯಾಗ್. ಕೆಲಸ ಮಾಡುವ ಪ್ರತಿಯೊಬ್ಬರದ್ದೂ ಸ್ವಂತ ಲಾಕ್.
7. ಟೆಸ್ಟರ್ ಅನ್ನು ಗೊತ್ತಿರುವ ಲೈವ್ ಮೂಲದ ಮೇಲೆ ಪರೀಕ್ಷಿಸಿ. ಕೆಲಸದ ಜಾಗದಲ್ಲಿ ಆರು ಅಳತೆ: ಫೇಸ್‌ಗಳ ನಡುವೆ ಮೂರು, ಪ್ರತಿ ಫೇಸ್‌ನಿಂದ ಅರ್ಥ್‌ಗೆ ಮೂರು. 120 ವೋಲ್ಟ್ ಟರ್ಮಿನಲ್‌ಗಳನ್ನೂ ಅಳೆಯಿರಿ. ಮತ್ತೆ ಲೈವ್ ಮೂಲದ ಮೇಲೆ ಟೆಸ್ಟರ್ ಪರೀಕ್ಷಿಸಿ.
8. ಪಕ್ಕದ ಲೈವ್ ತಂತಿಗಳಿಂದ ಪ್ರೇರಿತ ವೋಲ್ಟೇಜ್ ಸಾಧ್ಯತೆ ಇದ್ದರೆ ತಾತ್ಕಾಲಿಕ ಅರ್ಥಿಂಗ್ ಹಾಕಿ. ಇಲ್ಲವಾದರೆ ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ.

ಏಳನೆಯ ಹಂತದಲ್ಲಿ ಆರು ಖಾಲಿ ಚೌಕಗಳಿರಲಿ, ಓದಿದ ಅಂಕಿ ಬರೆಯಲು. ‘ಸರಿ’ ಎಂದು ಗೀಟು ಹಾಕುವ ಜಾಗವಿದ್ದರೆ ಎರಡು ಫೇಸ್ ನೋಡಿ ಗೀಟು ಹಾಕಿಬಿಡುತ್ತಾರೆ. ಒಂದು ಬ್ಲೇಡ್ ಬೆಸೆದುಕೊಂಡು ತೆರೆಯದೇ ಉಳಿದದ್ದು ಆರನ್ನೂ ಅಳೆದರೆ ಮಾತ್ರ ಕಾಣುತ್ತದೆ. ಟೆಸ್ಟರನ್ನು ಕೊನೆಗೆ ಮತ್ತೆ ಪರೀಕ್ಷಿಸುವುದೂ ಇಷ್ಟೇ ಮುಖ್ಯ: ನಡುವೆ ತಂತಿ ಕಡಿದು ಹೋದರೂ ಟೆಸ್ಟರ್ ತೋರಿಸುವುದು ಸೊನ್ನೆಯೇ. ಇನ್ನೊಂದು ಸಾಲನ್ನು ದಪ್ಪಕ್ಷರದಲ್ಲಿ ಸೇರಿಸಿ: ಈ ಪರೀಕ್ಷೆ ಮುಗಿಯುವವರೆಗೂ ಉಪಕರಣ ಲೈವ್ ಎಂದೇ ಲೆಕ್ಕ, ಪಿಪಿಇ ತೆಗೆಯಬೇಡಿ.

ಹೆಚ್ಚು ಮೂಲಗಳು, ಹೆಚ್ಚು ತಂಡಗಳು, ಶಿಫ್ಟ್ ದಾಟುವ ಕೆಲಸ ಇದ್ದರೆ ಅದು ಸಂಕೀರ್ಣ ಲಾಕೌಟ್. ಅದಕ್ಕೆ ಪ್ರತ್ಯೇಕ ಲಿಖಿತ ಯೋಜನೆ, ಹೊಣೆ ಹೊರುವ ಒಬ್ಬ ವ್ಯಕ್ತಿಯ ಹೆಸರು ಬೇಕು. ಲಾಕ್ ಹಾಕಿದವರು ಮನೆಗೆ ಹೋಗಿಬಿಟ್ಟಾಗ ಅದನ್ನು ತೆಗೆಯಲು ಒಂದು ಸಣ್ಣ ಫಾರಂ ಮಾಡಿಡಿ. ಅವರು ಸ್ಥಳದಲ್ಲಿ ಇಲ್ಲ ಎಂದು ಯಾರು ಖಚಿತಪಡಿಸಿದರು, ಸಂಪರ್ಕಿಸಲು ಏನು ಪ್ರಯತ್ನವಾಯಿತು, ವಾಪಸ್ ಬಂದಾಗ ಕೆಲಸಕ್ಕೆ ಕೈ ಹಾಕುವ ಮೊದಲೇ ಅವರಿಗೆ ತಿಳಿಸಿದವರು ಯಾರು ಎಂಬ ಮೂರಕ್ಕೂ ಅದರಲ್ಲಿ ಉತ್ತರವಿರಬೇಕು. ಮೂರನೆಯದು ಬಿಟ್ಟುಹೋದರೆ ತನ್ನ ಲಾಕ್ ಇನ್ನೂ ಅಲ್ಲೇ ಇದೆ ಎಂದುಕೊಂಡು ಆತ ನೇರವಾಗಿ ಯಂತ್ರಕ್ಕೆ ಕೈ ಹಾಕುತ್ತಾನೆ.

ವರ್ಷಕ್ಕೊಮ್ಮೆಯಾದರೂ ಪ್ರತಿ ವಿಧಾನವನ್ನು ಅದನ್ನು ಬಳಸುವವರ ಎದುರೇ ಪರಿಶೀಲಿಸಿ ಪ್ರಮಾಣೀಕರಿಸಬೇಕು. ಓಶಾ ಕೇಳುವ ವಿವರ ನಾಲ್ಕು: ಯಾವ ಯಂತ್ರ, ಯಾವ ದಿನ, ಯಾವ ಕೆಲಸಗಾರರು ಒಳಗೊಂಡಿದ್ದರು, ಪರಿಶೀಲಿಸಿದವರು ಯಾರು. ಪರಿಶೀಲಿಸುವವರು ಆ ವಿಧಾನವನ್ನು ಆಗ ಬಳಸುತ್ತಿರುವವರೇ ಆಗಿರಬಾರದು.

ಕೆಲಸದ ಯೋಜನೆ, ಬ್ರೀಫಿಂಗ್, ಪರ್ಮಿಟ್

ವಿದ್ಯುತ್ ಅಪಾಯವಿರುವ ಪ್ರತಿ ಕೆಲಸಕ್ಕೂ ಮೊದಲು ಅರ್ಹ ವ್ಯಕ್ತಿಯೊಬ್ಬರು (ಆ ಕೆಲಸಕ್ಕೆ ತರಬೇತಿ ಪಡೆದವರು) ಲಿಖಿತ ಯೋಜನೆ ಮಾಡಬೇಕು. ಕೆಲಸ ಮತ್ತು ಅದರ ಬಿಡಿ ಹಂತಗಳು, ಅಪಾಯಗಳು, ಶಾಕ್ ಅಂದಾಜು, ಆರ್ಕ್ ಫ್ಲ್ಯಾಶ್ ಅಂದಾಜು, ವಿಧಾನ, ವಿಶೇಷ ಎಚ್ಚರಿಕೆ, ಸರಬರಾಜು ನಿಯಂತ್ರಣ ಎಲ್ಲವೂ ಅದರಲ್ಲಿ ಬರಬೇಕು. ಅದನ್ನು ಓದಿ ಹೇಳುವುದೇ ಬ್ರೀಫಿಂಗ್. ಕೆಲಸದ ನಡುವೆ ವ್ಯಾಪ್ತಿ ಬದಲಾದರೆ ನಿಲ್ಲಿಸಿ, ಮತ್ತೆ ಬ್ರೀಫಿಂಗ್ ಮಾಡಿ, ಸಮಯ ಬರೆಯಿರಿ.

ಪರ್ಮಿಟ್ ಬೇಕಾಗುವುದು ಸರಬರಾಜು ನಿಲ್ಲಿಸದೆ ಕೆಲಸ ಮಾಡುವಾಗ. ಅಂದರೆ ನಿರ್ಬಂಧಿತ ಗಡಿಯೊಳಗೆ (ಲೈವ್ ಭಾಗದಿಂದ ಶಾಕ್ ತಗಲುವ ಸಾಧ್ಯತೆ ಹೆಚ್ಚುವಷ್ಟು ಹತ್ತಿರ) ಹೋದಾಗ, ಅಥವಾ ಕಂಡಕ್ಟರ್ ತೆರೆದಿಲ್ಲದಿದ್ದರೂ ಉಪಕರಣದ ಜೊತೆ ಮಾಡುವ ಕೆಲಸದಿಂದ ಆರ್ಕ್ ಫ್ಲ್ಯಾಶ್ ಸಾಧ್ಯತೆ ಹೆಚ್ಚುವಾಗ. ಟೆಸ್ಟಿಂಗ್, ದೋಷ ಹುಡುಕುವುದು, ವೋಲ್ಟೇಜ್ ಅಳೆಯುವುದಕ್ಕೆ ಪರ್ಮಿಟ್ ವಿನಾಯಿತಿ ಇದೆ. ನಿರ್ಬಂಧಿತ ಗಡಿಯ ಹೊರಗೆ ನಿಂತು ಮಾಡುವ ಥರ್ಮೋಗ್ರಫಿಗೂ (ಶಾಖ ತೋರಿಸುವ ಕ್ಯಾಮೆರಾದಿಂದ ನೋಡುವುದಕ್ಕೂ) ಇದೆ. ಯೋಜನೆಗೂ ಪಿಪಿಇಗೂ ವಿನಾಯಿತಿ ಇಲ್ಲ. ಜನ ಎಡವುವುದು ಇಲ್ಲಿಯೇ. ಟೆಸ್ಟರ್ ಹಿಡಿದು ಕೆಟ್ಟ ಫ್ಯೂಸ್ ಪತ್ತೆಹಚ್ಚಿದಲ್ಲಿಗೆ ದೋಷ ಹುಡುಕುವ ಕೆಲಸ ಮುಗಿಯಿತು. ಅದನ್ನು ಬದಲಿಸುವುದು ದುರಸ್ತಿ. ‘ಹೇಗಿದ್ದರೂ ಬಾಗಿಲು ತೆರೆದಿದೆಯಲ್ಲ’ ಎಂದು ಮುಂದುವರಿದರೆ ಪರ್ಮಿಟ್ ಇಲ್ಲದ ಲೈವ್ ಕೆಲಸವಾಯಿತು.

ಪರ್ಮಿಟ್‌ನ ಅತಿ ಕಷ್ಟದ ಸಾಲು ಸಮರ್ಥನೆ. ಯಾಕೆ ಸರಬರಾಜು ನಿಲ್ಲಿಸಲಾಗದು? ಮಾನದಂಡ ಒಪ್ಪುವ ಕಾರಣಗಳು ಎರಡೇ. ನಿಲ್ಲಿಸಿದರೆ ಅಪಾಯ ಹೆಚ್ಚಬೇಕು, ಉದಾಹರಣೆಗೆ ಜೀವರಕ್ಷಕ ಉಪಕರಣ ನಿಲ್ಲುವುದು, ತುರ್ತು ಅಲಾರಂ ಸಾಯುವುದು, ಅಪಾಯಕಾರಿ ಜಾಗದ ಗಾಳಿ ವ್ಯವಸ್ಥೆ ನಿಲ್ಲುವುದು. ಇಲ್ಲವೇ ಉಪಕರಣದ ವಿನ್ಯಾಸದಿಂದಲೋ ಕಾರ್ಯಾಚರಣೆಯ ಮಿತಿಯಿಂದಲೋ ನಿಲ್ಲಿಸಿ ಮಾಡುವುದೇ ಅಸಾಧ್ಯವಾಗಿರಬೇಕು. 50 ವೋಲ್ಟ್‌ಗಿಂತ ಕಡಿಮೆಯ ಸರ್ಕ್ಯೂಟ್‌ಗಳ ಲೆಕ್ಕ ಬೇರೆ.

ತಿರಸ್ಕರಿಸಬೇಕಾದ ಸಮರ್ಥನೆ: ‘ಉತ್ಪಾದನೆ ನಿಲ್ಲಿಸಲು ಆಗುವುದಿಲ್ಲ.’ ಇದು ಅನಾನುಕೂಲವೇ ಹೊರತು ಅಸಾಧ್ಯವಲ್ಲ. ಸಹಿ ಹಾಕಬಹುದಾದ ಸಮರ್ಥನೆ: ‘ಈ ಪ್ಯಾನೆಲ್ ದ್ರಾವಕ ಸಂಗ್ರಹ ಕೋಣೆಯ ಎಕ್ಸಾಸ್ಟ್ ಫ್ಯಾನ್‌ಗಳಿಗೆ ಸರಬರಾಜು ಕೊಡುತ್ತದೆ. ಫ್ಯಾನ್ ನಿಂತರೆ ಉರಿಯಬಲ್ಲ ಆವಿ ಸೇರುತ್ತದೆ. ಬದಲಿ ಫೀಡರ್ ಇಲ್ಲ. ಕೋಣೆಯನ್ನು ಖಾಲಿ ಮಾಡಿಸುವ ಸಾಧ್ಯತೆ ಪರಿಶೀಲಿಸಲಾಗಿದೆ, ಕಾರಣ ಸಮೇತ ಲಗತ್ತಿಸಲಾಗಿದೆ.’ ಕೊನೆಯ ವಾಕ್ಯವೇ ಇಲ್ಲಿ ಜೀವಾಳ. ಪರ್ಯಾಯ ಹುಡುಕಿದ ಗುರುತಿಲ್ಲದ ಸಮರ್ಥನೆಗೆ ಸಹಿ ಹಾಕಬೇಡಿ.

ಉಳಿದ ಸಾಲುಗಳು ಲೇಬಲ್‌ನಿಂದ ಇಳಿಯುತ್ತವೆ. 480 ವೋಲ್ಟ್‌ಗೆ ಸೀಮಿತ ಪ್ರವೇಶ ಗಡಿ (ಅನರ್ಹರನ್ನು ತಡೆಯುವ ಗಡಿ) 1 ಮೀಟರ್, ನಿರ್ಬಂಧಿತ ಗಡಿ 0.3 ಮೀಟರ್. ಲೇಬಲ್ 455 ಮಿಲಿಮೀಟರ್‌ನಲ್ಲಿ 6.2 ಕ್ಯಾಲರಿ ಎಂದರೆ ಪರ್ಮಿಟ್‌ನಲ್ಲೂ ಅದೇ ದೂರ, ಅದೇ ಅಂಕಿ, ಅದಕ್ಕಿಂತ ಹೆಚ್ಚಿನ ರೇಟಿಂಗ್‌ನ ಉಡುಪು. ಅನರ್ಹರನ್ನು ಹೇಗೆ ದೂರವಿಡುತ್ತೀರಿ ಎಂಬ ಸಾಲಿಗೆ ‘ಬ್ಯಾರಿಕೇಡ್’ ಎಂದಷ್ಟೇ ಬರೆಯದೆ ಎಲ್ಲಿ, ಎಷ್ಟು ದೂರ ಎಂದು ಬರೆಯಿರಿ. ಬ್ಯಾರಿಕೇಡ್ ಸೀಮಿತ ಗಡಿಯಲ್ಲಿ ನಿಂತು ಆರ್ಕ್ ಫ್ಲ್ಯಾಶ್ ಗಡಿ ಅದಕ್ಕಿಂತ ದೂರವಿದ್ದರೆ ದೂರದ ಗಡಿಗೇ ಹಾಕಬೇಕು. ಬ್ರೀಫಿಂಗ್ ನಡೆದ ಪುರಾವೆ ಮತ್ತು ಆಡಳಿತದ ಕಡೆಯಿಂದ ಅಧಿಕಾರವುಳ್ಳವರ ಸಹಿ ಕೊನೆಗೆ. ಕೆಲಸ ಮಾಡುವ ಎಲೆಕ್ಟ್ರಿಷಿಯನ್ ತಾನೇ ಅನುಮೋದನೆಯ ಸಹಿ ಹಾಕಿಕೊಳ್ಳುವಂತೆ ಫಾರಂ ರಚಿಸಬೇಡಿ. ಸಹಿಗಳ ಪಕ್ಕ ಗಂಟೆ, ನಿಮಿಷ ಬರೆಸಿ. ಕೆಲಸ ಮುಗಿದ ಮೇಲೆ ಮೇಜಿನ ಮೇಲೆ ತುಂಬಿದ ಪರ್ಮಿಟ್ ಎಲ್ಲಕ್ಕೂ ಒಂದೇ ಪೆನ್ನು, ಒಂದೇ ಸಮಯ ಇರುತ್ತದೆ.

ತರಬೇತಿ ಮತ್ತು ಗ್ಲೌಸ್ ದಾಖಲೆ

ತರಬೇತಿ ದಾಖಲೆಯಲ್ಲಿ ಹೆಸರು, ದಿನಾಂಕ, ಕಲಿಸಿದ ವಿಷಯ ಮೂರೂ ಇರಬೇಕು, ಆ ವ್ಯಕ್ತಿ ಕೆಲಸದಲ್ಲಿರುವಷ್ಟು ಕಾಲ ಇಟ್ಟುಕೊಳ್ಳಬೇಕು. ಮರುತರಬೇತಿ ಹೆಚ್ಚೆಂದರೆ 3 ವರ್ಷಕ್ಕೊಮ್ಮೆ. ನಡುವೆ ವರ್ಷಕ್ಕೊಮ್ಮೆಯಾದರೂ ಕೆಲಸಗಾರ ನಿಯಮ ಪಾಲಿಸುತ್ತಿದ್ದಾನೆಯೇ ಎಂದು ಮೇಲ್ವಿಚಾರಣೆಯಿಂದ ಖಚಿತಪಡಿಸಿಕೊಳ್ಳಬೇಕು. ‘ಅರ್ಹ ವ್ಯಕ್ತಿ’ ಎಂಬುದು ಎಲ್ಲ ಕೆಲಸಕ್ಕೂ ಒಮ್ಮೆ ಸಿಗುವ ಪಟ್ಟವಲ್ಲ. 480 ವೋಲ್ಟ್ ಎಂಸಿಸಿಗೆ ಅರ್ಹರಾದವರು 13,800 ವೋಲ್ಟ್ ಸ್ವಿಚ್‌ಗೇರ್‌ಗೆ ಅರ್ಹರಲ್ಲದಿರಬಹುದು. ಆದ್ದರಿಂದ ಕೋಷ್ಟಕ ಮಾಡಿ: ಅಡ್ಡಸಾಲಿನಲ್ಲಿ ಹೆಸರು, ಉದ್ದಸಾಲಿನಲ್ಲಿ ಉಪಕರಣ ಮತ್ತು ಕೆಲಸ, ಚೌಕದಲ್ಲಿ ಮಾಡಿ ತೋರಿಸಿದ ದಿನಾಂಕ ಹಾಗೂ ನೋಡಿದವರ ಸಹಿ.

ರಬ್ಬರ್ ಗ್ಲೌಸ್‌ಗೆ ಮೊದಲ ಬಳಕೆಗೆ ಕೊಡುವ ಮೊದಲು, ನಂತರ ಪ್ರತಿ 6 ತಿಂಗಳಿಗೆ ವಿದ್ಯುತ್ ಪರೀಕ್ಷೆ ಆಗಬೇಕು. ತೋಳುಗವಸು ಮತ್ತು ಬ್ಲಾಂಕೆಟ್‌ಗೆ 12 ತಿಂಗಳು. ಪರೀಕ್ಷೆಯಾಗಿ ಬಳಕೆಗೆ ಹೋಗದೆ ಕಪಾಟಿನಲ್ಲಿ 12 ತಿಂಗಳು ದಾಟಿದ ಗ್ಲೌಸನ್ನು ಮತ್ತೆ ಪರೀಕ್ಷಿಸದೆ ಕೊಡುವಂತಿಲ್ಲ. ಗೊಂದಲ ಹುಟ್ಟುವುದು ಗ್ಲೌಸಿನ ಮೇಲಿನ ಮುದ್ರೆಯಿಂದ. ಅದು ಪರೀಕ್ಷೆಯ ದಿನ, ಬಳಕೆಗೆ ಕೊಟ್ಟ ದಿನವಲ್ಲ. ಹಾಗಾಗಿ ರಿಜಿಸ್ಟರ್‌ನಲ್ಲಿ ಎರಡಕ್ಕೂ ಬೇರೆ ಕಾಲಂ ಬೇಕು. ಜೊತೆಗೆ ಕ್ರಮಸಂಖ್ಯೆ, ಕ್ಲಾಸ್, ಮುಂದಿನ ಪರೀಕ್ಷೆಯ ದಿನ, ಯಾರ ಬಳಿ ಇದೆ. ಕ್ಲಾಸ್ 00 ಗರಿಷ್ಠ 500 ವೋಲ್ಟ್ ಎಸಿಗೆ, ಕ್ಲಾಸ್ 0 ಗರಿಷ್ಠ 1,000 ವೋಲ್ಟ್‌ಗೆ. ಒಂದು ಜೊತೆ ಪರೀಕ್ಷೆಗೆ ಹೋದಾಗ ಕೆಲಸ ನಿಲ್ಲಬಾರದು ಎಂದಿದ್ದರೆ ಪ್ರತಿಯೊಬ್ಬರಿಗೂ ಎರಡು ಜೊತೆ ಇರಲಿ. ಒಂದೇ ಜೊತೆ ಇರುವ ಕಡೆ ದಿನಾಂಕ ಮೀರಿದ ಗ್ಲೌಸ್ ಬಳಕೆಯಲ್ಲೇ ಉಳಿಯುತ್ತದೆ. ದಿನವೂ ಬಳಸುವ ಮೊದಲು ಗಾಳಿ ತುಂಬಿ ನೋಡುವುದಕ್ಕೆ ಈ ರಿಜಿಸ್ಟರ್ ಬದಲಿಯಲ್ಲ.

ಗುತ್ತಿಗೆದಾರರು, ಆಡಿಟ್, ಬದಲಾವಣೆ

ಹೊರಗಿನವರು ಬಂದು ಕೆಲಸ ಮಾಡುವಾಗ ಸ್ಥಳದ ಮಾಲೀಕರು ತಮಗೆ ಗೊತ್ತಿರುವ ಅಪಾಯಗಳನ್ನು ತಿಳಿಸಬೇಕು, ಗುತ್ತಿಗೆದಾರರು ತಾವು ತರುವ ಮತ್ತು ಅಲ್ಲಿ ಕಂಡ ಅಪಾಯಗಳನ್ನು ತಿಳಿಸಬೇಕು. ಆ ಸಭೆಯನ್ನು ದಾಖಲಿಸಿ. ಡಯಾಗ್ರಾಂನ ಪ್ರತಿ ಕೊಟ್ಟಿದ್ದರೆ ಯಾವ ಪರಿಷ್ಕರಣೆ ಕೊಟ್ಟಿರಿ ಎಂದು ಸಭೆಯ ಟಿಪ್ಪಣಿಯಲ್ಲಿ ಬರೆಯಿರಿ.

ಆಡಿಟ್‌ಗಳಿಗೆ ಮೂರು ಗಡುವುಗಳಿವೆ: ಕಾರ್ಯಕ್ರಮದ ದಸ್ತಾವೇಜಿಗೆ 3 ವರ್ಷ, ಸ್ಥಳದಲ್ಲಿ ನಡೆಯುವ ಕೆಲಸಕ್ಕೆ 1 ವರ್ಷ, ಲಾಕೌಟ್ ಕಾರ್ಯಕ್ರಮಕ್ಕೆ 1 ವರ್ಷ. ಸ್ಥಳದ ಆಡಿಟ್ ಅಂದರೆ ಫೈಲು ನೋಡುವುದಲ್ಲ. ಕೆಲಸ ನಡೆಯುವಾಗ ಹೋಗಿ, ಬರೆದದ್ದಕ್ಕೂ ಮಾಡುತ್ತಿರುವುದಕ್ಕೂ ಹೋಲಿಸಿ ನೋಡುವುದು. ಮುಗಿದ ಪರ್ಮಿಟ್‌ಗಳನ್ನು ಮುಂದಿನ ಆಡಿಟ್‌ವರೆಗಾದರೂ ಇಟ್ಟುಕೊಂಡರೆ ಆಡಿಟ್ ಮಾಡುವವರಿಗೆ ಹೋಲಿಸಲು ಏನಾದರೂ ಇರುತ್ತದೆ. ಕಂಡ ಪ್ರತಿ ಕೊರತೆಯ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ ಇರಲಿ. ‘ವಿದ್ಯುತ್ ವಿಭಾಗ’ ಎಂದು ಬರೆದ ಕೊರತೆಯನ್ನು ಯಾರೂ ಮುಗಿಸುವುದಿಲ್ಲ.

ಕೊನೆಯದಾಗಿ ಒಂದು ಅರ್ಧ ಪುಟದ ಬದಲಾವಣೆ ಫಾರಂ ಬೇಕು. ಮಾನದಂಡ ಇದನ್ನು ಹೆಸರಿಟ್ಟು ಕೇಳುವುದಿಲ್ಲ. ಆದರೆ ಇದಿಲ್ಲದಿದ್ದರೆ ಮೇಲಿನ ಕಾಗದಗಳು ಎರಡು ವರ್ಷದಲ್ಲಿ ಹಳತಾಗುತ್ತವೆ. ಬ್ರೇಕರ್ ಖರೀದಿ ಆದೇಶಕ್ಕೆ, ಹೊಸ ಯಂತ್ರದ ಅನುಮೋದನೆಗೆ, ರಿಲೇ ಸೆಟ್ಟಿಂಗ್ ಬದಲಿಸುವ ಆದೇಶಕ್ಕೆ ಇದನ್ನು ಕಡ್ಡಾಯವಾಗಿ ಲಗತ್ತಿಸಿ. ಏನು ಬದಲಾಯಿತು, ಯಾವ ಪ್ಯಾನೆಲ್‌ನಲ್ಲಿ ಎಂದು ಬರೆದ ಕೆಳಗೆ ನಾಲ್ಕು ಚೌಕ: ಡಯಾಗ್ರಾಂ ತಿದ್ದಿದೆ, ಅಧ್ಯಯನ ಮರುಲೆಕ್ಕವಾಗಿದೆ, ಲೇಬಲ್ ಬದಲಾಗಿದೆ, ಲಾಕೌಟ್ ಹಾಳೆ ತಿದ್ದಿದೆ. ನಾಲ್ಕೂ ತುಂಬುವವರೆಗೆ ಆ ಪ್ಯಾನೆಲ್‌ನ ಹಳೆಯ ಲೇಬಲ್ ಮೇಲೆ ‘ಪರಿಶೀಲನೆಯಲ್ಲಿದೆ, ಈ ಅಂಕಿ ಬಳಸಬೇಡಿ’ ಎಂಬ ಪಟ್ಟಿ ಅಂಟಿಸಿ, ಅಲ್ಲಿಗೆ ಲೈವ್ ಕೆಲಸದ ಪರ್ಮಿಟ್ ಕೊಡಬೇಡಿ.